ಕಿಟ್ ಲೆನ್ಸ್ ಆದಮೇಲೆ ಯಾವುದು? ಮಲೆನಾಡಿನಲ್ಲಿ ಮೊದಲು ಬೆಳಕಿಗೆ ದುಡ್ಡು ಹಾಕಿ

ಪ್ರಶ್ನೆ: ಸರ್, ನಮ್ಮೂರು ತೀರ್ಥಹಳ್ಳಿ ಹತ್ತಿರ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಚಿಕ್ಕಪ್ಪ ತಮ್ಮ ಕೆನಾನ್ 1500ಡಿ ಕ್ಯಾಮೆರಾ ನನಗೆ ಕೊಟ್ಟಿದ್ದಾರೆ, ಜೊತೆಗೆ 18-55 ಲೆನ್ಸ್ ಇದೆ. ಮಂಡಗದ್ದೆಯ ಹಕ್ಕಿ, ಯಕ್ಷಗಾನ, ಮನೆಯಲ್ಲಿ ಅಜ್ಜಿ, ಅಡಿಕೆ ತೋಟದ ಕೆಲಸ, ಮಳೆಗಾಲದ ಕಪ್ಪೆ ಎಲ್ಲವನ್ನೂ ತೆಗೆಯುವ ಆಸೆ. ಕೂಡಿಟ್ಟಿದ್ದು 15,000 ರೂಪಾಯಿ. ಫ್ರೆಂಡ್ಸ್ 75-300 ತಗೋ ಅಂತಾರೆ, ಅಂಗಡಿಯವರು 55-250 ಅಂತಾರೆ. ಮನೆಯೊಳಗೆ ತೆಗೆದ ಫೋಟೊ ಮಾತ್ರ ಎಲ್ಲಾ ಅಲುಗಾಡಿದ ಹಾಗೆ ಬರುತ್ತವೆ. ಯಾವ ಲೆನ್ಸ್ ತಗೊಳ್ಳಲಿ? ಸೆಕೆಂಡ್ ಹ್ಯಾಂಡ್ ತಗೊಂಡರೆ ಮೋಸ ಹೋಗ್ತೀನಾ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ, ಮನೆಯೊಳಗಿನ ಫೋಟೊ ಅಲುಗಾಡಿದ ಹಾಗೆ ಬರುತ್ತವೆ ಅಂತ. ನನಗೆ ಮುಖ್ಯ ಅನಿಸಿದ್ದು ಆ ಸಾಲೇ. 75-300 ತಗೊಂಡರೂ ಆ ತೊಂದರೆ ಹೋಗುವುದಿಲ್ಲ, 55-250 ತಗೊಂಡರೂ ಹೋಗುವುದಿಲ್ಲ. ಎರಡೂ ದೂರ ನೋಡುವ ಲೆನ್ಸ್‌ಗಳು, ಹೆಸರಿನಲ್ಲಿರುವ ಸಂಖ್ಯೆ ಎಂಎಂ ಲೆಕ್ಕ, ಅದು ದೊಡ್ಡದಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ. ನಿಮಗೆ ಸದ್ಯ ಕೊರತೆ ಇರುವುದು ಬೆಳಕಿನದ್ದು.

ಹೊಸದಾಗಿ ಕ್ಯಾಮೆರಾ ಹಿಡಿದವರೆಲ್ಲ ಮೊದಲು ಕೇಳುವುದು ಜೂಮ್ ಎಷ್ಟು ಅಂತಲೇ. ಬಯಲುಸೀಮೆಯಲ್ಲಿ ಆ ಪ್ರಶ್ನೆ ನಡೆದೀತು, ಅಲ್ಲಿ ವರ್ಷದ ಬಹುಪಾಲು ದಿನ ಬಿಸಿಲು ಬೇಕಾದಷ್ಟಿದೆ. ನಮ್ಮಲ್ಲಿ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಆಮೇಲೆ ಬೆಳಗಿನ ಮಂಜು, ತೋಟಕ್ಕೆ ಇಳಿದರೆ ಮೇಲೆಲ್ಲ ಅಡಿಕೆ ಸೋಗೆ, ಮನೆಯೊಳಗೆ ಬಂದರೆ ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹೆಂಚು. ಹಾಗಾಗಿ ಮಲೆನಾಡಿನವರು ಯಾರು ಕೇಳಿದರೂ ನಾನು ಹೇಳುವುದು ಒಂದೇ. ಮೊದಲ ದುಡ್ಡು ಬೆಳಕಿಗೆ, ಎರಡನೇ ದುಡ್ಡು ಲೆನ್ಸನ್ನು ಒಣಗಿಸಿ ಇಡುವುದಕ್ಕೆ, ದೂರ ನೋಡುವ ಲೆನ್ಸ್ ಅದಾದ ಮೇಲೆ.

ಬೆಳಕು ಅಂದರೆ ಏನು ಲೆಕ್ಕ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಯಾವ ಅಂಗಡಿಯವರೂ ನಿಮಗೆ ಬೇಡದ್ದನ್ನು ದಾಟಿಸಲು ಆಗುವುದಿಲ್ಲ. ಕ್ಯಾಮೆರಾ ಜೊತೆಗೇ ಬರುವ ನಿಮ್ಮ 18-55 ಕಿಟ್ ಲೆನ್ಸಿನ ಮೂತಿಯ ಸುತ್ತ 1:3.5-5.6 ಅಂತ ಬರೆದಿದೆ, ನೋಡಿ. 18ರಲ್ಲಿ ಇಟ್ಟಾಗ ಅದರ ಕಿಂಡಿ ಎಫ್/3.5ವರೆಗೆ ತೆರೆಯುತ್ತದೆ, 55ಕ್ಕೆ ತಿರುಗಿಸಿದರೆ ಎಫ್/5.6ಕ್ಕೆ ನಿಂತುಬಿಡುತ್ತದೆ. 55ನ್ನು 5.6ರಿಂದ ಭಾಗಿಸಿ. ಸುಮಾರು 10 ಎಂಎಂ ಬರುತ್ತದೆ, ಅಂದರೆ ಒಂದು ಕಾಬೂಲಿ ಕಡಲೆಯಷ್ಟು ಕಿಂಡಿ. ಈಗ 50 ಎಂಎಂ ಎಫ್/1.8 ಲೆನ್ಸ್ ತಗೊಳ್ಳಿ, 50ನ್ನು 1.8ರಿಂದ ಭಾಗಿಸಿದರೆ ಸುಮಾರು 28 ಎಂಎಂ. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲು ದೊಡ್ಡದು. ಒಳಗೆ ಬರುವ ಬೆಳಕಿನ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ.

ಹತ್ತು ಪಟ್ಟು ಅಂದರೆ ಅಡುಗೆಮನೆಯಲ್ಲಿ ಏನಾಗುತ್ತದೆ? ಅಜ್ಜಿ ಕಿಟಕಿ ಪಕ್ಕ ಕೂತು ಸೊಪ್ಪು ಸೋಸುತ್ತಿದ್ದಾರೆ ಅಂದುಕೊಳ್ಳಿ. ಮೋಡದ ದಿನ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಲೆಕ್ಕ, 800 ಇಟ್ಟಿದ್ದೀರಿ. ಕಿಟ್ ಲೆನ್ಸಿನಲ್ಲಿ 55ಕ್ಕೆ ಜೂಮ್ ಮಾಡಿದರೆ ಶಟರ್, ಅಂದರೆ ಬೆಳಕು ಒಳಗೆ ಬರಲು ಬಾಗಿಲು ತೆರೆದಿರುವ ಹೊತ್ತು, 1/10 ಸೆಕೆಂಡಿಗೆ ಇಳಿಯುತ್ತದೆ. ಅಷ್ಟು ಹೊತ್ತು ನಿಮ್ಮ ಕೈ ಅಲುಗದೆ ನಿಂತರೂ ಅಜ್ಜಿಯ ಕೈ ನಿಲ್ಲುವುದಿಲ್ಲ. ಅದೇ ಜಾಗ, ಅದೇ ಬೆಳಕು, 50ರ ಎಫ್/1.8 ಹಾಕಿದರೆ ಶಟರ್ 1/100 ಆಗುತ್ತದೆ, ಸೊಪ್ಪಿನ ಎಲೆ ಹಿಡಿದ ಬೆರಳೂ ಚೆನ್ನಾಗಿ ಬರುತ್ತದೆ. ನಿಮ್ಮ ಕಿಟ್ ಲೆನ್ಸಿನಲ್ಲಿ ಐಎಸ್ ಅಂತ ಒಂದು ಸೌಲಭ್ಯ ಇರಬಹುದು, ಅದು ನಿಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. ಐಎಸ್ ಇದೆಯಲ್ಲ, ಮತ್ತೆ ಯಾಕೆ ಅಲುಗಾಡುತ್ತದೆ ಅಂತ ಕೇಳುತ್ತಾರೆ.

ಐಎಸ್‌ಒ ಏರಿಸಬಹುದಲ್ವಾ ಅಂತ ನೀವು ಕೇಳಬಹುದು. ಏರಿಸಿ, ಹೆದರಬೇಡಿ. 1500ಡಿಯಲ್ಲಿ 1600ರವರೆಗೆ ನಾನು ಯೋಚನೆಯನ್ನೇ ಮಾಡುವುದಿಲ್ಲ, 3200 ಕೂಡ ಬೇಕಾದಾಗ ಬಳಸುತ್ತೇನೆ. 6400ಕ್ಕೆ ಹೋದರೆ ಚರ್ಮದ ಬಣ್ಣ ಕೆಡುತ್ತದೆ, ಕತ್ತಲಿದ್ದ ಜಾಗದಲ್ಲೆಲ್ಲ ರವೆ ಉದುರಿಸಿದ ಹಾಗೆ ಚುಕ್ಕಿ ಬರುತ್ತವೆ.

ಹಾಗಾದರೆ 50 ಎಂಎಂ ಎಫ್/1.8 ಎಸ್‌ಟಿಎಂ (ಎಸ್‌ಟಿಎಂ ಅನ್ನುವುದು ಅದರ ಫೋಕಸ್ ಮೋಟಾರಿನ ಬಗೆ). ನನ್ನ ಮೊದಲ ಸಲಹೆ ಇದು. 2015ರಲ್ಲಿ ಬಂದ ಲೆನ್ಸ್, ತೂಕ ಸುಮಾರು 160 ಗ್ರಾಂ, ಹೊಸದು ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಬೆಲೆ ಆಚೀಚೆ ಆಗುತ್ತಿರುತ್ತದೆ. ಇದರ ಹಿಂದಿನದು 50 ಎಫ್/1.8 ಎರಡನೇ ಮಾದರಿ, 1990ರಿಂದ ಇತ್ತು, ಮೌಂಟ್, ಅಂದರೆ ಕ್ಯಾಮೆರಾಕ್ಕೆ ಕೂರುವ ಬಳೆ ಕೂಡ ಪ್ಲಾಸ್ಟಿಕ್. ಎಸ್‌ಟಿಎಂಗೆ ಲೋಹದ ಮೌಂಟ್ ಇದೆ, ಫೋಕಸ್ ಮೆತ್ತಗೆ ಕೂರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯದು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಚಿತ್ರವೂ ಚೆನ್ನಾಗಿಯೇ ಬರುತ್ತದೆ, ಆದರೆ ಫೋಕಸ್ ಮೋಟಾರಿನ ಗರಗರ ಶಬ್ದ ಜಾಸ್ತಿ ಮತ್ತು ಕೈಜಾರಿ ಬಿದ್ದರೆ ಕಥೆ ಮುಗಿಯಿತು. ನಾನಾದರೆ ಎಸ್‌ಟಿಎಂ ತಗೊಳ್ಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಗೊಂಡ ಮೇಲೆ ಬೇಜಾರಾಗುತ್ತೀರಿ. ನಿಮ್ಮ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದು, ಕೆನಾನ್‌ನಲ್ಲಿ 1.6ರ ಲೆಕ್ಕ. ಅಂದರೆ 50 ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ 80ರ ಹಾಗೆ ಕಾಣುತ್ತದೆ. ನಿಂತ ಮನುಷ್ಯರನ್ನು ತಲೆಯಿಂದ ಕಾಲಿನವರೆಗೆ ತೆಗೆಯಬೇಕಾದರೆ, ಕ್ಯಾಮೆರಾ ಉದ್ದಕ್ಕೆ ಹಿಡಿದರೂ ಹನ್ನೆರಡು ಹದಿಮೂರು ಅಡಿ ಹಿಂದೆ ಹೋಗಬೇಕು. ಜಗಲಿಯಲ್ಲಿ ಸರಿ, ಅಡುಗೆಮನೆಯಲ್ಲಿ ಬೆನ್ನಿಗೆ ಗೋಡೆ ತಾಗುತ್ತದೆ. ಮುಖ, ಕೈ, ಅರ್ಧ ದೇಹ ಇದಕ್ಕೆಲ್ಲ 50 ಒಳ್ಳೆಯದು. ಮನೆ, ಕೋಣೆ, ಮನುಷ್ಯರು ಎಲ್ಲ ಸೇರಿ ಬರಬೇಕು ಅಂದರೆ ಕೆನಾನ್‌ನ 24 ಎಂಎಂ ಎಫ್/2.8 ಎಸ್‌ಟಿಎಂ ನೋಡಿ. ಚಪ್ಪಟೆ ಲೆನ್ಸ್, ಅಂಗೈಯಲ್ಲಿ ಮುಚ್ಚಿಡಬಹುದು. ಅದರಲ್ಲಿ ಆರಡಿ ಹಿಂದೆ ಹೋದರೆ ಇಡೀ ಮನುಷ್ಯರು ಬರುತ್ತಾರೆ. ಬೆಳಕು ಎಫ್/1.8ರಷ್ಟಿಲ್ಲ, ಆದರೆ ಅಗಲ ಲೆನ್ಸ್ ಆದ್ದರಿಂದ ಕೈನಡುಕ ಕಡಿಮೆ ಕಾಣುತ್ತದೆ.

24 ಬೇಕೋ 50 ಬೇಕೋ ಅನ್ನುವುದನ್ನು ದುಡ್ಡು ಕೊಡದೆಯೇ ತಿಳಿದುಕೊಳ್ಳಬಹುದು. ನಿಮ್ಮ 18-55 ಲೆನ್ಸಿನ ಜೂಮ್ ಉಂಗುರದ ಮೇಲೆ ಎಂಎಂ ಗುರುತುಗಳಿವೆ, 50ರ ಗುರುತು ಇಲ್ಲದಿದ್ದರೆ 55ಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸಿ. ಒಂದು ವಾರ 24ರಲ್ಲಿ ಇಟ್ಟು ಪೇಪರ್ ಟೇಪ್ ಸುತ್ತಿಬಿಡಿ, ಜೂಮ್ ಮುಟ್ಟಲೇಬೇಡಿ, ಬೇಕಾದರೆ ನೀವೇ ಹಿಂದೆ ಮುಂದೆ ನಡೆಯಿರಿ. ಮುಂದಿನ ವಾರ 50ರಲ್ಲಿ ಹಾಗೇ ಮಾಡಿ. ಯಾವ ವಾರದ ಫೋಟೊ ನಿಮಗೆ ಹಿಡಿಸಿತೋ ಆ ಲೆನ್ಸ್ ನಿಮ್ಮದು. ನಾನು ಕಲಿಸಿದ ಹುಡುಗರಲ್ಲಿ ಕೆಲವರು 50 ಅಂತಲೇ ಬಂದು ಈ ಎರಡು ವಾರ ಆದಮೇಲೆ 24 ತಗೊಂಡಿದ್ದಾರೆ. ಇನ್ನೊಂದು ಕೆಲಸವನ್ನೂ ಮಾಡಿ. ಈವರೆಗೆ ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ವಿವರ ನೋಡಿದರೆ ಪ್ರತಿಯೊಂದರಲ್ಲೂ ಎಷ್ಟು ಎಂಎಂ ಅಂತ ದಾಖಲಾಗಿರುತ್ತದೆ. ಒಂದು ಇನ್ನೂರು ಫೋಟೊ ನೋಡಿ. ಹೆಚ್ಚಿನವು 18ರಲ್ಲಿವೆಯೋ 55ರಲ್ಲಿವೆಯೋ ಅದೇ ಹೇಳುತ್ತದೆ.

ಎಫ್/1.8 ಬಳಸುವಾಗ ಮೊದಮೊದಲು ಎಲ್ಲರೂ ಒಂದು ಕಡೆ ಎಡವುತ್ತಾರೆ. ಒಂದು ಮೀಟರ್ ದೂರದಲ್ಲಿ ಕೂತವರ ಮುಖ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಎರಡೂವರೆ ಮೂರು ಸೆಂಟಿಮೀಟರ್ ಅಷ್ಟೇ. ಒಂದು ಕಣ್ಣು ಸರಿ ಇರುತ್ತದೆ, ಮೂಗಿನ ತುದಿ ಮಸುಕು, ಆಚೆ ಕಿವಿಯಂತೂ ಇಲ್ಲವೇ ಇಲ್ಲ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದವರನ್ನು ನಾನು ನೋಡಿದ್ದೇನೆ. ಲೆನ್ಸ್ ಕೆಟ್ಟಿರುವುದಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ಒಂಬತ್ತು ಫೋಕಸ್ ಚುಕ್ಕಿಗಳಿವೆ, ಅವುಗಳಲ್ಲಿ ನಡುವಿನದೇ ಗಟ್ಟಿ. ಅದೊಂದನ್ನೇ ಆರಿಸಿ ಹತ್ತಿರದ ಕಣ್ಣಿನ ಮೇಲಿಟ್ಟು ಫೋಕಸ್ ಮಾಡಿ. ಬೆಳಕು ಇದ್ದರೆ ಎಫ್/2.8ಕ್ಕೆ ಇಳಿಸಿ, ಆಗ ಚಿತ್ರ ಇನ್ನೂ ಹರಿತವಾಗುತ್ತದೆ.

ಯಕ್ಷಗಾನಕ್ಕೂ ಇದೇ ಲೆನ್ಸ್ ಸಾಕು, ಮುಂದಿನ ಸಾಲಿನಲ್ಲಿ ಕೂತರೆ. ಎಫ್/2.2, ಐಎಸ್‌ಒ 1600, ಶಟರ್ 1/250 ಇಟ್ಟು ಶುರು ಮಾಡಿ, ರಂಗಸ್ಥಳದ ದೀಪ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ದಿಗಿಣ ಹಾಕುವಾಗ, ಅಂದರೆ ಹಾರಿ ಗಿರಗಿರ ತಿರುಗುವಾಗ 1/250 ಸಾಲದು, 1/500 ಬೇಕು, ಆಗ ಐಎಸ್‌ಒ 3200ಕ್ಕೆ ಏರಿಸಲೇಬೇಕು. ಆದರೆ ನನಗೆ ರಂಗಸ್ಥಳಕ್ಕಿಂತ ವೇಷ ಕಟ್ಟುವ ಚೌಕಿ ಇಷ್ಟ. ಭಾಗವತರ ಪದ ಹೊರಗೆ ಕೇಳುತ್ತಿರುತ್ತದೆ, ಒಳಗೆ ಒಂದು ಬಲ್ಬಿನ ಕೆಳಗೆ ಕನ್ನಡಿ ಹಿಡಿದುಕೊಂಡು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಆ ಬೆಳಕಿನಲ್ಲಿ ಕಿಟ್ ಲೆನ್ಸ್ ಕೈಕೊಡುತ್ತದೆ, 50 ಕೊಡುವುದಿಲ್ಲ. ಕೇಳಿಕೊಂಡು ಒಳಗೆ ಹೋಗಿ, ಫ್ಲ್ಯಾಶ್ ಮಾತ್ರ ಹೊಡೆಯಬೇಡಿ.

ಈಗ ಹಕ್ಕಿ. ಮಂಡಗದ್ದೆ ಅಂತ ಬರೆದಿದ್ದೀರಿ, ಅದು ನಿಮಗೆ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದಲ್ವಾ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ, ನೀವು ದಡದ ಗೋಪುರದಿಂದ ನೋಡಬೇಕು. ಬೆಳ್ಳಕ್ಕಿ ಐವತ್ತು ಮೀಟರ್ ದೂರದಲ್ಲಿದೆ, ಎತ್ತರ ಎರಡಡಿ ಅಂತ ಇಟ್ಟುಕೊಳ್ಳಿ. ನಿಮ್ಮ 55ರಲ್ಲಿ ಅದು ಚಿತ್ರದ ಎತ್ತರದ ಇಪ್ಪತ್ತರಲ್ಲಿ ಒಂದು ಭಾಗದಷ್ಟೂ ಬರುವುದಿಲ್ಲ, ಬರೀ ಬಿಳಿ ಚುಕ್ಕಿ. 250ರಲ್ಲಿ ಐದರಲ್ಲಿ ಒಂದು ಭಾಗ ಬರುತ್ತದೆ. 300ರಲ್ಲಿ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ. ನೋಡಿ, 250ಕ್ಕೂ 300ಕ್ಕೂ ಇರುವುದು ಇಷ್ಟೇ ವ್ಯತ್ಯಾಸ. ಹಕ್ಕಿ ಚಿತ್ರದ ಅರ್ಧ ತುಂಬಬೇಕಾದರೆ 600 ಬೇಕು, ಆ ಲೆನ್ಸ್‌ಗಳು ಎರಡು ಕೆಜಿ ತೂಗುತ್ತವೆ, ನಿಮ್ಮ ಬಜೆಟ್ಟಿನ ಹತ್ತಿರವೂ ಬರುವುದಿಲ್ಲ.

ಹಾಗಾಗಿ ನಿಮ್ಮ ಫ್ರೆಂಡ್ಸ್ ಹೇಳಿದ 75-300 ಬೇಡ. ಖಂಡಿತ ಬೇಡ ಅಂತಲೇ ಹೇಳುತ್ತೇನೆ. ಕೆನಾನ್‌ನ ಆ ಅಗ್ಗದ ಲೆನ್ಸಿನಲ್ಲಿ ಐಎಸ್ ಇಲ್ಲ. ಉದ್ದ ಲೆನ್ಸಿನಲ್ಲಿ ಕೈನಡುಕ ಹೆಚ್ಚು ಕಾಣುತ್ತದೆ, 300ನ್ನು 1.6ರಿಂದ ಗುಣಿಸಿದರೆ 480, ಅಂದರೆ ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಶಟರ್ 1/500 ಆದರೂ ಇರಬೇಕು. ಮಳೆಗಾಲದ ಮೋಡದಲ್ಲಿ, ಎಫ್/5.6ರಲ್ಲಿ, ಅಷ್ಟು ಶಟರ್ ಸಿಗಬೇಕಾದರೆ ಐಎಸ್‌ಒ ಮೇಲೆ ಮೇಲೆ ಹೋಗುತ್ತದೆ. ಜೊತೆಗೆ 300ರ ತುದಿಯಲ್ಲಿ ಅದರ ಚಿತ್ರ ಮೆತ್ತಗಿರುತ್ತದೆ. ನಿಮ್ಮ ಅಂಗಡಿಯವರು ಹೇಳಿದ 55-250 ಸರಿಯಾದ ಮಾತು. ಅದರಲ್ಲೂ ಎರಡು ಮೂರು ಬಗೆ ಇವೆ. ಹೆಸರಿನ ಕೊನೆಯಲ್ಲಿ ಎಸ್‌ಟಿಎಂ ಅಂತ ಇರುವುದು 2013ರದ್ದು, 375 ಗ್ರಾಂ, ಹರಿತವಾಗಿದೆ, ಫೋಕಸ್ ಬೇಗ. ಬರೀ ಐಎಸ್ ಎರಡನೇ ಮಾದರಿ ಅಂತ ಇರುವುದು ಸ್ವಲ್ಪ ನಿಧಾನ, ಆದರೆ ಕ್ಯಾಮೆರಾ ಜೊತೆಗೆ ಡಬಲ್ ಕಿಟ್ ಆಗಿ ಬಂದದ್ದರಿಂದ ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತದೆ. ಎಷ್ಟೋ ಜನ ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರುವುದಿಲ್ಲ.

ಇದನ್ನು ಈಗಲೇ ತಗೊಳ್ಳಬೇಡಿ. ನಿಮ್ಮ ಊರಿನ ಮದುವೆ ಫೋಟೊಗ್ರಾಫರ್ ಯಾರಾದರೂ ಪರಿಚಯ ಇದ್ದರೆ ಒಂದು ಭಾನುವಾರದ ಮಟ್ಟಿಗೆ 55-250 ಕೇಳಿ ನೋಡಿ. ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆಗಳ ಸ್ನಾನ, ಮಂಡಗದ್ದೆ, ಎರಡೂ ಒಂದೇ ದಾರಿ. ಒಂದು ದಿನ ಹಿಡಿದು ನೋಡಿದರೆ ನಿಮಗೆ ಹಕ್ಕಿಯ ಹುಚ್ಚು ನಿಜವಾಗಿ ಹಿಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು ಮಾಡುವವರು ಜೊತೆಗಿದ್ದರೆ ದಯವಿಟ್ಟು ತಡೆಯಿರಿ. ಗೂಡಿನಲ್ಲಿ ಮರಿ ಇರುತ್ತವೆ, ತಾಯಿ ಎದ್ದ ತಕ್ಷಣ ಕಾಗೆ, ಹದ್ದು ಬರುತ್ತವೆ.

ಕಪ್ಪೆಗೆ ಲೆನ್ಸೇ ಬೇಡ, ನಿಮ್ಮ ಹತ್ತಿರ ಇದೆ. ನಿಜವಾಗಿ. 18-55 ಲೆನ್ಸ್ 55ರಲ್ಲಿ 25 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತದೆ, ಆಗ ಚಿತ್ರದಲ್ಲಿ ಬರುವ ಜಾಗದ ಅಗಲ ಸುಮಾರು ಆರೂವರೆ ಸೆಂಟಿಮೀಟರ್. ಮೂರು ಸೆಂಟಿಮೀಟರಿನ ಕಪ್ಪೆ ಚಿತ್ರದ ಅರ್ಧ ಅಗಲ ತುಂಬುತ್ತದೆ. 50ರ ಎಫ್/1.8 ಇಷ್ಟು ಹತ್ತಿರ ಹೋಗುವುದಿಲ್ಲ, 35 ಸೆಂಟಿಮೀಟರಿಗೇ ನಿಲ್ಲುತ್ತದೆ. ಹಾಗಾಗಿ ಹತ್ತಿರದ ಕೆಲಸಕ್ಕೆ ಕಿಟ್ ಲೆನ್ಸೇ ಮುಂದು. ಇನ್ನೂ ಹತ್ತಿರ ಬೇಕು ಅನಿಸಿದಾಗ ಎಕ್ಸ್‌ಟೆನ್ಷನ್ ಟ್ಯೂಬ್ ತಗೊಳ್ಳಬಹುದು. ಅದರೊಳಗೆ ಗಾಜೇ ಇರುವುದಿಲ್ಲ, ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ಮುಂದೆ ತಳ್ಳುವ ಬಳೆ ಅಷ್ಟೇ. ತಾಮ್ರದ ಬಣ್ಣದ ಚುಕ್ಕಿ ಸಂಪರ್ಕಗಳಿರುವುದನ್ನೇ ತಗೊಳ್ಳಿ, ಅವಿಲ್ಲದ ಅಗ್ಗದ ಬಳೆಯಲ್ಲಿ ಕೆನಾನ್ ಲೆನ್ಸಿನ ಕಿಂಡಿಯನ್ನು ಕ್ಯಾಮೆರಾದಿಂದ ತೆರೆದು ಮುಚ್ಚಲು ಆಗುವುದಿಲ್ಲ. ಕಪ್ಪೆಯನ್ನು ಎತ್ತಿ ಎಲೆ ಮೇಲೆ ಕೂರಿಸಿ ತೆಗೆಯುವ ಅಭ್ಯಾಸ ಮಾತ್ರ ಬೇಡ, ಅದರ ಚರ್ಮಕ್ಕೆ ನಮ್ಮ ಕೈಯ ಬೆವರು, ಇಂಬಳಕ್ಕೆ ಹಚ್ಚಿಕೊಂಡ ಸುಣ್ಣ ತಂಬಾಕು ಯಾವುದೂ ಒಳ್ಳೆಯದಲ್ಲ.

ಜೋಗಕ್ಕೂ ಹೊಸ ಲೆನ್ಸ್ ಬೇಡ. ಕಿಟ್ ಲೆನ್ಸನ್ನು 18ರಲ್ಲಿಟ್ಟು ಎಫ್/8 ಮಾಡಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಚೆನ್ನಾಗಿ ಬರುತ್ತವೆ. ಅಲ್ಲಿ ಕಾಡುವುದು ಮಂಜು ಮತ್ತು ತುಂತುರು. ಒಣಗಿದ ಹತ್ತಿ ಬಟ್ಟೆ ಎರಡು, ಒಂದು ಕೊಡೆ, ಇಷ್ಟೇ ಬೇಕಾಗಿರುವುದು. ಹಸಿರು ತೆಗೆಯುವವರಿಗೆ ನಾನು ಹೇಳುವ ಇನ್ನೊಂದು ವಸ್ತು ಪೋಲರೈಸರ್ ಫಿಲ್ಟರ್. ಮಳೆ ನಿಂತ ಮೇಲೆ ಎಲೆಗಳ ಮೇಲೆ ಬಿಳಿ ಹೊಳಪು ಬರುತ್ತದಲ್ಲ, ಫಿಲ್ಟರ್ ತಿರುಗಿಸಿದರೆ ಅದು ಹೋಗಿ ಒಳಗಿನ ಹಸಿರು ಎದ್ದು ಬರುತ್ತದೆ. ಮೊಬೈಲಿನಲ್ಲಿ ಆಮೇಲೆ ಬಣ್ಣ ಏರಿಸಿ ಇದನ್ನು ಪಡೆಯಲು ಆಗುವುದಿಲ್ಲ. 58 ಎಂಎಂ ಅಳತೆಯದ್ದು ತಗೊಂಡರೆ ನಿಮ್ಮ 18-55ಕ್ಕೂ ಮುಂದೆ ತಗೊಳ್ಳುವ 55-250ಕ್ಕೂ ಆಗುತ್ತದೆ. ತೋಟದೊಳಗೆ ತೆಗೆದಿಡಿ, ಅದೂ ಬೆಳಕು ತಿನ್ನುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ, ಥಂಡಿ. ಆಗುಂಬೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ ಅಷ್ಟಿಲ್ಲ, ಆದರೂ ಆರಿದ್ರೆ ಮಳೆ ಹಿಡಿದ ಮೇಲೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಪುಸ್ತಕದ ರಟ್ಟು ಅಲೆ ಅಲೆಯಾಗುತ್ತದೆ. ಲೆನ್ಸಿನ ಒಳಗೂ ಅದೇ ಬೂಷ್ಟು ಬರುತ್ತದೆ, ಫಂಗಸ್ ಅಂತಾರೆ. ಗಾಜಿನ ಮೇಲಿನ ತೆಳು ಲೇಪನವನ್ನು ಹಿಡಿದುಕೊಂಡು ಜೇಡನ ಬಲೆಯ ಹಾಗೆ ಎಳೆ ಬಿಡುತ್ತಾ ಹೋಗುತ್ತದೆ. ಬೇಗ ನೋಡಿದರೆ ಬಿಚ್ಚಿ ತೊಳೆಸಬಹುದು. ತಡವಾದರೆ ಲೇಪನವೇ ತಿಂದುಹೋಗಿರುತ್ತದೆ, ತೊಳೆದರೂ ಗುರುತು ಉಳಿಯುತ್ತದೆ.

ನನ್ನ ಮೊದಲ ಒಳ್ಳೆಯ ಲೆನ್ಸ್ ಹೋಗಿದ್ದು ಹೀಗೆಯೇ. ಎರಡು ವರ್ಷ ದುಡ್ಡು ಕೂಡಿಸಿ ತಗೊಂಡಿದ್ದು. ಮಳೆಗಾಲದಲ್ಲಿ ಕೆಲಸ ಕಡಿಮೆ ಅಂತ ದಪ್ಪ ಕ್ಯಾಮೆರಾ ಬ್ಯಾಗಿನಲ್ಲಿ ಹಾಕಿ, ಜಿಪ್ ಎಳೆದು, ಮರದ ಬೀರುವಿನಲ್ಲಿ ಇಟ್ಟೆ. ಭದ್ರವಾಗಿದೆ ಅಂದುಕೊಂಡಿದ್ದೆ. ದಸರೆ ಹೊತ್ತಿಗೆ ತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಬಿಳಿ ಬೇರು. ರಿಪೇರಿಗೆ ಕೊಟ್ಟೆ, ತೊಳೆದು ಕೊಟ್ಟರು, ಆದರೆ ಸೂರ್ಯನಿಗೆ ಎದುರಾಗಿ ತೆಗೆದರೆ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ ಬಿಳುಚಾಗುತ್ತಿತ್ತು. ಇವತ್ತಿಗೂ ಆ ಲೆನ್ಸ್ ನೆನಪಾದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ತಿಳಿಯಿತು, ಕ್ಯಾಮೆರಾ ಬ್ಯಾಗಿನ ಸ್ಪಂಜು ನೀರಿನ ಪಸೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲು, ಪಸೆ, ಗಾಳಿ ಇಲ್ಲ. ಬೂಷ್ಟಿಗೆ ಬೇಕಾಗಿರುವುದೇ ಅದು. ಹೊರಗೆ ಹೋಗುವಾಗ ಮಾತ್ರ ಬ್ಯಾಗು, ಮನೆಯಲ್ಲಿ ಇಡುವುದಕ್ಕಲ್ಲ.

ಏನು ಮಾಡಬೇಕು ಅಂದರೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಂದು ತಗೊಳ್ಳಿ, ಮುಚ್ಚಳಕ್ಕೆ ರಬ್ಬರ್ ಇರುವಂಥದ್ದು. ಅಮ್ಮ ಹಪ್ಪಳ ಇಡುವ ಡಬ್ಬ ಹೇಗಿರುತ್ತದೋ ಹಾಗೆ. ಹಪ್ಪಳ ಮೆತ್ತಗಾಗುವ ಡಬ್ಬ ಲೆನ್ಸಿಗೂ ಆಗದು. ಒಳಗೆ ಸಿಲಿಕಾ ಜೆಲ್ ಹಾಕಿ, ಪಸೆ ಕುಡಿದಾಗ ಬಣ್ಣ ಬದಲಾಗುವ ಹರಳುಗಳನ್ನೇ ಕೇಳಿ. ನೀಲಿ ಇದ್ದದ್ದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಮತ್ತೆ ಹಾಕಬಹುದು. ಆ ಬಾಣಲೆ ಅಡುಗೆಗೆ ಬಳಸಬೇಡಿ, ಕಿಟಕಿ ತೆರೆದಿಟ್ಟುಕೊಳ್ಳಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಅದನ್ನೂ ಒಳಗಿಡಿ. 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಹರಳು ಹುರಿಯುವ ಹೊತ್ತು ಬಂತು ಅಂತ ತಿಳಿಯಿರಿ. ತೀರಾ 30ಕ್ಕಿಂತ ಕೆಳಗೂ ಬೇಡ. ಇದೆಲ್ಲ ಸೇರಿ ಒಂದು ಲೆನ್ಸಿನ ಬೆಲೆಯ ಮುಂದೆ ಏನೂ ಅಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡಿ ಅಂತ ಹೇಳುವವರಿದ್ದಾರೆ, ಮಾಡಬೇಡಿ. ಅಕ್ಕಿಯ ಹುಡಿ ಜೂಮ್ ಉಂಗುರದೊಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ.

ಲೆನ್ಸಿಗೆ ಕೆಲಸ ಕೊಡುವುದೂ ಔಷಧಿಯೇ. ವಾರಕ್ಕೊಮ್ಮೆ ಹೊರಗೆ ತೆಗೆದು ಜೂಮ್ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಎರಡು ಫೋಟೊ ತೆಗೆಯಿರಿ. ಕುಂದಾದ್ರಿ ಬೆಟ್ಟದ ಚಳಿಯಲ್ಲಿ ಬೆಳಗ್ಗೆ ತೆಗೆದು ನೇರ ಬೆಚ್ಚಗಿನ ಅಡುಗೆಮನೆಗೆ ಬಂದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಮನೆಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ತೆರೆಯಿರಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಹೆದರಿಕೊಂಡು ಕೇಳಿದ್ದೀರಿ. ನಾನು ಬಳಸುವ ಲೆನ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೆಕೆಂಡ್ ಹ್ಯಾಂಡೇ. 2018ರಿಂದ ಕೆನಾನ್, ನಿಕಾನ್ ಎರಡೂ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಸ ಮೌಂಟ್ ಮಾಡಿಕೊಂಡವು, ಅಲ್ಲಿಗೆ ಹೋದವರು ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ನಮ್ಮಂಥವರಿಗೆ ಇದು ಒಳ್ಳೆಯ ಕಾಲ. ಮುಂದೆ ನೀವು ಕೆನಾನ್ ಮಿರರ್‌ಲೆಸ್ ತಗೊಂಡರೂ ಒಂದು ಅಡಾಪ್ಟರ್ ಹಾಕಿ ಇವೇ ಲೆನ್ಸ್ ಬಳಸಬಹುದು.

ಆದರೆ ಕಣ್ಣಾರೆ ನೋಡದೆ ತಗೊಳ್ಳಬೇಡಿ, ಅದರಲ್ಲೂ ನಮ್ಮ ಕಡೆಯಿಂದ, ಕರಾವಳಿಯಿಂದ ಬಂದ ಲೆನ್ಸನ್ನು. ಹಿಂದೆ ಮುಂದೆ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಡಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಚಿಂತೆ ಇಲ್ಲ. ಕವಲೊಡೆದ ಎಳೆ ಕಂಡರೆ ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಕಡಿಮೆಗೆ ಕೊಟ್ಟರೂ. ಗಾಜಿಗೆ ತೆಳುವಾಗಿ ಹೊಗೆ ಹಿಡಿದ ಹಾಗೆ ಕಂಡರೂ ಬೇಡ. ಹಿಂಬದಿಯ ಸ್ಕ್ರೂಗಳ ತಲೆ ನೋಡಿ, ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಕೆನಾನ್‌ನಲ್ಲಿ ಮೌಂಟಿನ ಬಳಿ ಕೆಂಪು ಚುಕ್ಕಿ ಇದ್ದರೂ ಬಿಳಿ ಚೌಕ ಇದ್ದರೂ ನಿಮ್ಮ ಕ್ಯಾಮೆರಾಕ್ಕೆ ಕೂರುತ್ತದೆ, ಆ ವಿಷಯದಲ್ಲಿ ಗೊಂದಲ ಬೇಡ.

ನಿಕಾನ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಡಿ3500, ಡಿ5600 ಇಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ 50 ಎಫ್/1.8ಡಿ ತಗೊಂಡರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಎಎಫ್-ಎಸ್ ಅಂತ ಬರೆದಿರುವ 35 ಎಂಎಂ ಎಫ್/1.8 ಡಿಎಕ್ಸ್ ತಗೊಳ್ಳಿ, 2009ರಿಂದ ಇರುವ ಲೆನ್ಸ್, ಮನೆಯೊಳಗೆ 50ಕ್ಕಿಂತ ಅನುಕೂಲ.

ಎಲ್ಲ ಬ್ರಾಂಡಿನವರಿಗೂ ಒಂದು ಎಚ್ಚರಿಕೆ. ಲೆನ್ಸಿನ ಮುಂದೆ ಸ್ಕ್ರೂ ಹಾಕುವ ವೈಡ್ ಕನ್ವರ್ಟರ್, ಟೆಲಿ ಕನ್ವರ್ಟರ್ ಅಂತ ಕೆಲವು ಗಾಜಿನ ತುಂಡುಗಳನ್ನು ಬ್ಯಾಗು, ಬ್ರಷ್ ಜೊತೆ ಸೇರಿಸಿ ಕಾಂಬೊ ಅಂತ ಮಾರುತ್ತಾರೆ. ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ, ಅಂಚೆಲ್ಲ ಮಸುಕಾಗುತ್ತದೆ.

ನಿಮ್ಮ 15,000ಕ್ಕೆ ಹೀಗೆ ಮಾಡಿ ಅಂತ ನನ್ನ ಸಲಹೆ. ಟೇಪ್ ಸುತ್ತುವ ಎರಡು ವಾರದ ಪರೀಕ್ಷೆ ಮೊದಲು. 50 ಅಂತ ಬಂದರೆ ಹೊಸ ಎಸ್‌ಟಿಎಂ, 24 ಅಂತ ಬಂದರೆ ಚೆನ್ನಾಗಿರುವ ಸೆಕೆಂಡ್ ಹ್ಯಾಂಡ್. ಅದೇ ದಿನ ಡಬ್ಬ, ಸಿಲಿಕಾ ಜೆಲ್, ಮೀಟರ್. ಉಳಿದ ಹಣ ಹಾಗೇ ಇರಲಿ, ಅದಕ್ಕೆ ತಿಂಗಳು ತಿಂಗಳು ಸ್ವಲ್ಪ ಸೇರಿಸಿದರೆ ಮುಂದಿನ ಮಳೆಗಾಲದ ಮೊದಲು 55-250 ತಗೊಳ್ಳಬಹುದು, ಮಂಡಗದ್ದೆಗೆ ಹಕ್ಕಿ ಬರುವ ಹೊತ್ತಿಗೆ ಸರಿಯಾಗಿ.

ಶಿವಮೊಗ್ಗಕ್ಕೆ ಲೆನ್ಸ್ ನೋಡಲು ಹೋಗುವಾಗ ನಿಮ್ಮ ಕ್ಯಾಮೆರಾ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್ ಮೂರೂ ಒಯ್ಯಿರಿ. ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಬೋರ್ಡಿನ ಅಕ್ಷರ, ಒಳಗೆ ಕೂತವರ ಮುಖ, ಒಂದು ದಿನಪತ್ರಿಕೆಯ ಪುಟ, ಈ ಮೂರನ್ನು ಎಫ್/1.8ರಲ್ಲಿ ಮತ್ತು ಎಫ್/4ರಲ್ಲಿ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಅವಸರ ಮಾಡುವ ಅಂಗಡಿಯಾದರೆ ಪಕ್ಕದ್ದಕ್ಕೆ ಹೋಗಿ. ಬಿಲ್ಲಿನಲ್ಲಿ ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಮನೆಗೆ ಬಂದ ಮೇಲೆ ಮೊದಲ ಫೋಟೊ ಅಜ್ಜಿಯದ್ದೇ ತೆಗೆಯಿರಿ, ಕಿಟಕಿ ಪಕ್ಕ ಕೂರಿಸಿ.